ಹತ್ತುವಾಗ ಬೆವರು, ಕೂತಾಗ ನಡುಕ: ಬ್ಯಾಗ್ ಹೊತ್ತು ಹೋಗುವ ಚಳಿಗಾಲದ ಬೇಟೆಗೆ ಹಗುರ ಬಟ್ಟೆ ಯಾವುದು?

ಕಡಿದಾರಿ

ಎಲ್ಲರಿಗೂ ನಮಸ್ಕಾರ. ಹೋದ ಸೀಸನ್ನಿನಲ್ಲಿ ಮೊದಲ ಸಲ ನಾಲ್ಕು ದಿನದ ಬೇಟೆಗೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಹೋದೆ. ಅಲ್ಲಿಯವರೆಗೆ ಬೆಳಿಗ್ಗೆ ಹೋಗಿ ಸಂಜೆಗೆ ಗಾಡಿ ಹತ್ತಿರ ವಾಪಸ್ ಬರುತ್ತಿದ್ದೆ. ಪರ್ಮಿಟ್ ಸಿಕ್ಕಿದ ಖುಷಿಯಲ್ಲಿದ್ದೆ. ಎರಡನೇ ದಿನವೇ ಚಳಿ ನನ್ನನ್ನು ಕೆಳಗಿಳಿಸಿತು.

ಮಧ್ಯಾಹ್ನ ಮೈನಸ್ 8 ಡಿಗ್ರಿ, ಸಾಧಾರಣ ಗಾಳಿ. ಒಂದೂವರೆ ಗಂಟೆಯಲ್ಲಿ ಸುಮಾರು 500 ಮೀಟರ್ ಏರಿದೆ. ಮೈ ಮೇಲೆ ದಪ್ಪ ಥರ್ಮಲ್, ಅದರ ಮೇಲೆ ದಪ್ಪ ಫ್ಲೀಸ್, ಅದರ ಮೇಲೆ ಮಳೆ ಜಾಕೆಟ್. ಮೇಲೆ ತಲುಪಿ ಬ್ಯಾಗ್ ಇಳಿಸಿದಾಗ ಬೆನ್ನು ತೊಯ್ದು ತೊಪ್ಪೆಯಾಗಿತ್ತು. ಹತ್ತು ನಿಮಿಷ ಹಾಯಾಗಿತ್ತು. ಆಮೇಲೆ ಶುರುವಾಯಿತು. ಗರಿ ತುಂಬಿದ ಡೌನ್ ಜಾಕೆಟ್ ಹಾಕಿಕೊಂಡೆ, ಆದರೂ ಹಲ್ಲು ಕಟಕಟ ನಿಲ್ಲಲಿಲ್ಲ. ದುರ್ಬೀನು ಕಣ್ಣಿಗೆ ಹಿಡಿದರೆ ಎದುರಿನ ಇಳಿಜಾರೇ ಕುಣಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಎದ್ದು ಇಳಿದುಬಿಟ್ಟೆ. ಕತ್ತಲಾಗುವ ಮುಂಚಿನ ಎರಡು ಗಂಟೆ, ಅಂದರೆ ಪ್ರಾಣಿಗಳು ಮೇಯಲು ಹೊರಗೆ ಬರುವ ಹೊತ್ತು, ನಾನು ಟೆಂಟಿನೊಳಗೆ ಮುದುಡಿ ಮಲಗಿದ್ದೆ.

ಮನೆಗೆ ಬಂದು ಬಟ್ಟೆಯನ್ನೆಲ್ಲ ತೂಗಿದೆ. ಬೂಟು ಬಿಟ್ಟು 4.1 ಕೆಜಿ. ಇಷ್ಟು ಹೊತ್ತೂ ಚಳಿ ಅನುಭವಿಸಿದೆ ಅಂದರೆ ನಾನು ಎಲ್ಲೋ ತಪ್ಪಿದ್ದೇನೆ. ಇನ್ನೂ ದಪ್ಪ ಜಾಕೆಟ್ ಬೇಕಾ? ತೂಕ ಇಳಿಸಿಯೂ ಬೆಚ್ಚಗಿರಲು ಆಗುತ್ತದಾ?

ಹಳೇಬೂಟು

ನಿಮಗೆ ಬಟ್ಟೆ ಸಾಲದೆ ಚಳಿಯಾಗಿಲ್ಲ. ಹತ್ತುವಾಗ ಬಟ್ಟೆ ಜಾಸ್ತಿ ಇತ್ತು, ಅದಕ್ಕೇ ಕೂತಾಗ ಚಳಿಯಾಯಿತು. ನಾನೂ ಮೊದಲ ಮೂರು ವರ್ಷ ಇದೇ ತಪ್ಪು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸುಮ್ನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಹುಟ್ಟಿಸುತ್ತದೆ. ಹಳೇ ಕಾಲದ ಒಂದು ಬಲ್ಬಿನಷ್ಟು. ಹೊರೆ ಹೊತ್ತು ಏರು ಹತ್ತುವಾಗ ಅದೇ ಮೈ 500 ವಾಟ್ ಮೀರುತ್ತದೆ. ಐದು ಬಲ್ಬ್ ಉರಿಯುವಾಗಲೂ ಒಂದು ಬಲ್ಬ್ ಉರಿಯುವಾಗಲೂ ಒಂದೇ ಬಟ್ಟೆ ಹೇಗೆ ಒಗ್ಗುತ್ತದೆ ಹೇಳಿ. ನಮ್ಮ ಬೇಟೆಯಲ್ಲಿ ಇದೇ ಕಷ್ಟ. ಬರೀ ಟ್ರೆಕ್ಕಿಂಗ್ ಮಾಡುವವರು ನಡೆಯುತ್ತಲೇ ಇರುತ್ತಾರೆ. ನಾವು ಬೆವರಿಳಿಸಿ ಹತ್ತಿ, ಆಮೇಲೆ ಮೂರು ಗಂಟೆ ಕಲ್ಲಿನ ಹಾಗೆ ಕೂರಬೇಕು.

ಈಗ ಬೆವರಿನ ಲೆಕ್ಕ. 100 ಮಿಲಿ ನೀರು ಆವಿಯಾಗಲು ಸುಮಾರು 240 ಕಿಲೋಜೂಲ್ ಶಾಖ ಬೇಕು. 100 ವಾಟಿನ ಮೈ ಅಷ್ಟು ಶಾಖ ಹುಟ್ಟಿಸಲು 40 ನಿಮಿಷ ಬೇಕು. ಅಂದರೆ ಅರ್ಧ ಲೋಟ ಬೆವರು ಬಟ್ಟೆಯಲ್ಲಿ ಉಳಿದಿದ್ದರೆ, ಅದನ್ನು ಒಣಗಿಸುವುದಕ್ಕೇ ನಿಮ್ಮ ಮೈಯ ಮುಕ್ಕಾಲು ಗಂಟೆಯ ದುಡಿಮೆ ಹೋಗಿಬಿಡಬಹುದು. ಅದರ ಮೇಲೆ ಎಂಥ ದಪ್ಪ ಜಾಕೆಟ್ ಹಾಕಿದರೂ ಒಳಗಿನ ಒದ್ದೆ ಒದ್ದೆಯೇ.

ನಾನು ಮಾಡುವುದು ಇಷ್ಟು. ಬುಡದಲ್ಲಿ ಹೊರಡುವಾಗ ನಿಂತಲ್ಲಿ ಚಳಿ ಎನಿಸುವಷ್ಟು ಬಟ್ಟೆ ಬಿಚ್ಚಿಬಿಡುತ್ತೇನೆ. ಮೈಗೆ ತಾಗುವ ತೆಳ್ಳನೆ ಬೇಸ್ ಲೇಯರ್, ಅದರ ಮೇಲೆ ಗಾಳಿ ತಡೆಯುವ 90 ಗ್ರಾಮಿನ ವಿಂಡ್ ಜಾಕೆಟ್, ಜಿಪ್ ತೆರೆದೇ ಇರುತ್ತದೆ. ಟೋಪಿ ಜೇಬಿನಲ್ಲಿ. ಮೊದಲ ಹತ್ತು ನಿಮಿಷ ಮೈ ಜುಮ್ಮೆನ್ನುತ್ತದೆ, ಆಮೇಲೆ ಸರಿಯಾಗುತ್ತದೆ. ಹಣೆಯಲ್ಲಿ ಬೆವರು ಕಂಡ ಕೂಡಲೇ ನಡಿಗೆ ನಿಧಾನ ಮಾಡುತ್ತೇನೆ. ಇಲ್ಲಿ ಅಹಂಕಾರ ಬಿಡಬೇಕು. ಜೊತೆಯವನು ಮುಂದೆ ಹೋದರೆ ಹೋಗಲಿ. ತುದಿ ಇನ್ನು 50 ಮೀಟರ್ ಇದೆ ಅನ್ನುವಾಗ ಇನ್ನೂ ನಿಧಾನ, ಆ ಹೊತ್ತಿಗೆ ಮೈ ಅರ್ಧ ಆರಿರುತ್ತದೆ.

ತಲುಪಿದ ಮೇಲೆ ಮೊದಲು ದುರ್ಬೀನು ಮುಟ್ಟಬೇಡಿ. ಗಾಳಿಗೆ ಮರೆಯಾಗಿ ನಿಂತು ಒದ್ದೆ ಬೇಸ್ ಲೇಯರ್ ಬಿಚ್ಚಿ, ಬೆನ್ನು ಒರೆಸಿ, ಒಣ ಅಂಗಿ ಹಾಕಿ. ಗಾಳಿ ಬರಿ ಬೆನ್ನಿಗೆ ಬಡಿಯುವ ಆ ಅರ್ಧ ನಿಮಿಷ ಜೀವ ಬಾಯಿಗೆ ಬರುತ್ತದೆ. ಆದರೆ ಮುಂದಿನ ಮೂರು ಗಂಟೆ ಅದೇ ಕಾಪಾಡುತ್ತದೆ. ಒಣ ಅಂಗಿಯ ಮೇಲೆ ಫ್ಲೀಸ್, ಟೋಪಿ, ದೊಡ್ಡ ಜಾಕೆಟ್. ಚಳಿ ಹತ್ತುವ ಮುಂಚೆಯೇ ಹಾಕಬೇಕು. ಜಾಕೆಟ್ ಶಾಖ ಹುಟ್ಟಿಸುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ, ಅಷ್ಟೇ. ನೀವು ಹಾಕಿದಾಗ ಹಿಡಿದಿಡಲು ಶಾಖವೇ ಉಳಿದಿರಲಿಲ್ಲ.

ನೂಲೆಳೆ

ಹಳೇಬೂಟು ಅಣ್ಣ ಹೇಳಿದ್ದು ಪೂರ್ತಿ ನಿಜ. ಬೇಸ್ ಲೇಯರ್ ಬಗ್ಗೆ ನನ್ನದು ಸ್ವಲ್ಪ ಸೇರಿಸುತ್ತೇನೆ.

ಹತ್ತಿ ಬಟ್ಟೆ ಒಳಗೆ ಬೇಡವೇ ಬೇಡ. ಬನಿಯನ್, ಚಡ್ಡಿ ಕೂಡ. ಮೆರಿನೋ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ, ಅದಕ್ಕೇ ಒದ್ದೆಯಾದರೂ ಮೈಗೆ ತಣ್ಣಗೆ ಅಂಟುವುದಿಲ್ಲ. ನಾಲ್ಕು ದಿನ ಹಾಕಿದರೂ ವಾಸನೆ ಕಡಿಮೆ, ಬೇಟೆಯಲ್ಲಿ ಅದೂ ಮುಖ್ಯ ಅಲ್ವಾ. ಆದರೆ ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ಪಾಲಿಯೆಸ್ಟರ್ ಎಳೆ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಬೇಗ ಒಣಗುತ್ತದೆ, ಆದರೆ ಎರಡನೇ ದಿನಕ್ಕೇ ನಾತ. ನಾನು ಹತ್ತಲು ತೆಳ್ಳನೆ ಪಾಲಿಯೆಸ್ಟರ್, ಕೂರಲು ಮತ್ತು ಮಲಗಲು 150 ಗ್ರಾಮ್ ನೇಯ್ಗೆಯ (ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ) ಮೆರಿನೋ ಇಟ್ಟುಕೊಂಡಿದ್ದೇನೆ. 200ರ ದಪ್ಪದ್ದು ಒಂದಿತ್ತು, ಒಮ್ಮೆ ಒದ್ದೆಯಾದರೆ ಮರುದಿನಕ್ಕೂ ಒಣಗುತ್ತಿರಲಿಲ್ಲ, ಬಿಟ್ಟೆ.

ಇನ್ನೊಂದು ವಿಷಯ ಹೇಳಿದರೆ ನಂಬುವುದಿಲ್ಲ. ಬಲೆ ಬನಿಯನ್. ದೊಡ್ಡ ದೊಡ್ಡ ತೂತಿನದು. 1933ರಲ್ಲಿ ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರೂನ್ ಹೆರಿಂಗ್ ಮೀನಿನ ಬಲೆಯಿಂದಲೇ ಮೊದಲನೆಯದನ್ನು ಮಾಡಿದ. ಬ್ರಿಂಜೆ ಅನ್ನುವ ಕಂಪನಿ ಇವತ್ತಿಗೂ ಇದನ್ನು ಮಾರುತ್ತದೆ. ಬಲೆಯ ದಾರ ಮೇಲಿನ ಬಟ್ಟೆಯನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ. ಮೇಲಿನದು ಒದ್ದೆಯಾದರೂ ಮೈಗೆ ತಾಗುವುದಿಲ್ಲ. ಹತ್ತುವಾಗ ಜಿಪ್ ತೆರೆದರೆ ತೂತಿನಲ್ಲಿ ಗಾಳಿ ಓಡಾಡುತ್ತದೆ, ಕೂತು ಜಿಪ್ ಮುಚ್ಚಿದರೆ ಅದೇ ಗಾಳಿ ನಿಂತು ಬೆಚ್ಚಗಿಡುತ್ತದೆ. ನೋಡಲು ವಿಚಿತ್ರ, ಹೆಗಲ ಪಟ್ಟಿಯ ಕೆಳಗೆ ಚರ್ಮದಲ್ಲಿ ಚೌಕಳಿ ಅಚ್ಚು ಬೀಳುತ್ತದೆ. ಆದರೆ ನಾನು ಇದನ್ನು ಹಾಕಿದ ಮೇಲೆ ಗುಡ್ಡದ ತುದಿಯಲ್ಲಿ ಅಂಗಿ ಬದಲಿಸುವುದನ್ನೇ ನಿಲ್ಲಿಸಿದೆ.

ಕಡಿದಾರಿ

ಓದಿ ಬೆರಗಾದೆ. 40 ನಿಮಿಷದ ಲೆಕ್ಕ ನೋಡಿ ನನ್ನ ಆ ದಿನ ಕಣ್ಣ ಮುಂದೆ ಬಂತು.

ಎರಡು ಪ್ರಶ್ನೆ. ದಪ್ಪ ಫ್ಲೀಸ್ ಬದಲು ಏನು? ದೊಡ್ಡ ಜಾಕೆಟ್ ಡೌನ್ ಇರಲಾ, ಕೃತಕ ಎಳೆ ತುಂಬಿದ ಸಿಂಥೆಟಿಕ್ ಇರಲಾ? ನನ್ನದು 300 ಗ್ರಾಮಿನ ತೆಳ್ಳನೆ ಡೌನ್.

ಬಿಳಿಗರಿ

ಫ್ಲೀಸ್ ಬದಲು ಆಲ್ಫಾ ಡೈರೆಕ್ಟ್ ಅನ್ನುವ ಬಟ್ಟೆ ನೋಡಿ. ಪೋಲಾರ್‌ಟೆಕ್ ಕಂಪನಿಯದು. ಅಮೆರಿಕದ ವಿಶೇಷ ಪಡೆಗಳಿಗೆ ಅಂತ ಆಲ್ಫಾ ತಯಾರಾಗಿ 2012ರಲ್ಲಿ ಮಾರುಕಟ್ಟೆಗೆ ಬಂತು. ನಡೆಯುವಾಗಲೂ ಬಿಚ್ಚದೆ ಹಾಕಿಕೊಳ್ಳಬಹುದಾದ ಬೆಚ್ಚನೆ ಬಟ್ಟೆ ಬೇಕು ಅನ್ನುವುದೇ ಉದ್ದೇಶ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಅಷ್ಟು ಜಾಳು. ನನ್ನ 90 ಗ್ರಾಮ್ ನೇಯ್ಗೆಯ ಹುಡ್ ಇರುವ ಅಂಗಿ ತಕ್ಕಡಿಯಲ್ಲಿ 150 ಗ್ರಾಮ್. ಬರೀ ಅದೊಂದೇ ಹಾಕಿದರೆ ಗಾಳಿ ಸೀದಾ ಒಳಗೆ ನುಗ್ಗುತ್ತದೆ. ಮೇಲೆ ವಿಂಡ್ ಜಾಕೆಟ್ ಎಳೆದುಕೊಂಡರೆ ಬೇರೆಯದೇ ಬಟ್ಟೆಯಾಗುತ್ತದೆ. ಎರಡೂ ಸೇರಿ ಕಾಲು ಕೆಜಿ ಇಲ್ಲ. ಮುಳ್ಳುಕಂಟಿಯಲ್ಲಿ ನುಗ್ಗುವವರಿಗೆ ಇದು ಆಗುವುದಿಲ್ಲ, ಎಳೆ ಕಿತ್ತುಬರುತ್ತದೆ. ಅಲ್ಲಿ ಸಾದಾ ತೆಳ್ಳನೆ ಫ್ಲೀಸೇ ವಾಸಿ. ಸದ್ದೂ ಇಲ್ಲ.

ಜಾಕೆಟ್ ವಿಷಯದಲ್ಲಿ ನಾನು ಡೌನ್ ಪಕ್ಷ. ಫಿಲ್ ಪವರ್ ಅಂದರೆ ಒಂದು ಔನ್ಸ್ ಗರಿ ಎಷ್ಟು ಘನ ಅಂಗುಲ ಉಬ್ಬುತ್ತದೆ ಅನ್ನುವ ಅಳತೆ. 800 ಅಂದರೆ 28 ಗ್ರಾಮ್ ಗರಿ 800 ಘನ ಅಂಗುಲ ತುಂಬುತ್ತದೆ. ತೂಕಕ್ಕೆ ಅಷ್ಟು ಬೆಚ್ಚಗಿಡುವ ಬೇರೆ ವಸ್ತು ನಾನು ಬಳಸಿಲ್ಲ. ಆದರೆ ಫಿಲ್ ಪವರ್ ಒಂದನ್ನೇ ನೋಡಿ ಮೋಸ ಹೋಗಬೇಡಿ. ಒಳಗೆ ಎಷ್ಟು ಗ್ರಾಮ್ ಗರಿ ಇದೆ ಕೇಳಿ. 900 ಫಿಲ್ ಇದ್ದು ಒಳಗೆ ಬರೀ 80 ಗ್ರಾಮ್ ಇದ್ದರೆ ಅದು ನಡೆಯುವಾಗಿನ ಜಾಕೆಟ್, ಕೂರುವ ಜಾಕೆಟ್ ಅಲ್ಲ. ಕೂರಲು ಕನಿಷ್ಠ 150 ಗ್ರಾಮ್ ಗರಿ ಇರಲಿ ಅನ್ನುತ್ತೇನೆ. ಒಂದು ಸೈಜ್ ದೊಡ್ಡದು ತಗೊಳ್ಳಿ, ಎಲ್ಲದರ ಮೇಲೂ ಸಲೀಸಾಗಿ ಏರಬೇಕು. ಬಿಗಿಯಾದರೆ ಗರಿ ಅದುಮಿಹೋಗುತ್ತದೆ, ಉಬ್ಬದ ಗರಿ ಬೆಚ್ಚಗಿಡುವುದಿಲ್ಲ.

ಹಳೇಬೂಟು

ಬಿಳಿಗರಿಯವರೇ, ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಒಣ ಚಳಿಗೆ ಡೌನ್ ಸರಿ. ಆದರೆ ಸೊನ್ನೆಯ ಆಸುಪಾಸಿನ ಚಳಿ ಇದೆಯಲ್ಲ, ಹಸಿ ಹಿಮ ಬೀಳುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ, ಅದೇ ಮೈನಸ್ 15ಕ್ಕಿಂತ ಕಷ್ಟ. ಅಲ್ಲಿ ನನ್ನ ಡೌನ್ ಮೂರನೇ ದಿನಕ್ಕೆ ಒದ್ದೆ ಕೋಳಿಯ ಹಾಗಾಗಿತ್ತು. ಗರಿಯೆಲ್ಲ ಮೂಲೆಯಲ್ಲಿ ಗಂಟು ಕಟ್ಟಿತ್ತು. ಆಮೇಲಿಂದ ಅಂಥ ಹವಾಮಾನಕ್ಕೆ ಸಿಂಥೆಟಿಕ್ ಒಯ್ಯುತ್ತೇನೆ. ಪ್ರಿಮಾಲಾಫ್ಟ್ ಅನ್ನುವ ಕೃತಕ ಎಳೆ ಹುಟ್ಟಿದ್ದೇ ಅದಕ್ಕೆ. 1980ರ ದಶಕದಲ್ಲಿ ಅಮೆರಿಕದ ಸೇನೆ ಒದ್ದೆಯಾದರೂ ಬೆಚ್ಚಗಿಡುವ, ಗರಿಯ ಬದಲಿ ವಸ್ತು ಬೇಕು ಅಂತ ಕೇಳಿತ್ತು. 100 ಗ್ರಾಮ್ ಜಾಸ್ತಿ ಹೊರುತ್ತೇನೆ, ನೆಮ್ಮದಿಯಾಗಿ ಮಲಗುತ್ತೇನೆ.

ಬಿಳಿಗರಿ

ಒಪ್ಪಿದೆ ಅಣ್ಣ. ಹಸಿ ಚಳಿಗೆ ನನ್ನ ಮಾತು ಹೊಂದುವುದಿಲ್ಲ. ಕಡಿದಾರಿ, ನೀವು ಹೋಗುವ ಕಡೆ ಮೈನಸ್ 5ಕ್ಕಿಂತ ಕೆಳಗೇ ಇರುತ್ತದೆ ಅಂದರೆ ಡೌನ್. ಇಲ್ಲದಿದ್ದರೆ ಅಣ್ಣನ ಮಾತು ಕೇಳಿ.

ಮುಂಜಾವು

ನಾನು ಬೇಟೆಗಾರಳಲ್ಲ, ವನ್ಯಜೀವಿ ಫೋಟೋ ತೆಗೆಯುತ್ತೇನೆ. ಬಂದೂಕಿನ ಜಾಗದಲ್ಲಿ ಕ್ಯಾಮೆರಾ, ಉಳಿದದ್ದೆಲ್ಲ ನಿಮ್ಮದೇ ಕಥೆ. ಕತ್ತಲಲ್ಲಿ ಹತ್ತುವುದು, ಬೆಳಕು ಹರಿಯುವವರೆಗೆ ಅಲುಗಾಡದೆ ಕೂರುವುದು.

ಎಲ್ಲರೂ ಎದೆಯ ಮೇಲಿನ ಬಟ್ಟೆಯನ್ನೇ ಮಾತಾಡುತ್ತಿದ್ದೀರಿ. ಕಾಲು ಎಲ್ಲಿ ಹೋಯಿತು? ಮೇಲೆ ನಾಲ್ಕು ಪದರ, ಕೆಳಗೆ ಒಂದೇ ಪ್ಯಾಂಟು. ಹಾಗೆ ಕೂತರೆ ತೊಡೆಯಿಂದ ಶಾಖ ಸೋರುತ್ತಲೇ ಇರುತ್ತದೆ. ಬದಿಯಲ್ಲಿ ಉದ್ದಕ್ಕೂ ಜಿಪ್ ಇರುವ ಪಫಿ ಪ್ಯಾಂಟ್, ಅಂದರೆ ಗರಿ ಅಥವಾ ಕೃತಕ ಎಳೆ ತುಂಬಿ ಉಬ್ಬಿದ ಪ್ಯಾಂಟ್ ತಗೊಳ್ಳಿ, ಬೂಟು ಬಿಚ್ಚದೆ ಹಾಕಬಹುದು. ನನ್ನದು 380 ಗ್ರಾಮ್. ಇದು ಬಂದ ಮೇಲೆ ಮೇಲಿನ ಜಾಕೆಟನ್ನೇ ಒಂದು ದರ್ಜೆ ತೆಳ್ಳಗೆ ಮಾಡಿದೆ.

ಕೂರುವ ಪ್ಯಾಡ್ ಮರೆಯಬೇಡಿ. ಮಡಚುವ ಫೋಮ್ ತುಂಡು, 60 ಗ್ರಾಮ್ ಇರಬಹುದು. ಕಲ್ಲು, ಹಿಮ ನಿಮ್ಮ ಶಾಖವನ್ನು ನೇರ ಎಳೆದುಕೊಳ್ಳುತ್ತವೆ. ಕೂತ ಕಡೆ ಜಾಕೆಟ್ಟಿನ ಗರಿಯೂ ಅದುಮಿಹೋಗಿರುತ್ತದೆ, ಅಲ್ಲಿ ಅದು ಉಪಯೋಗಕ್ಕಿಲ್ಲ. ಇಡೀ ಚೀಲದಲ್ಲಿ ತೂಕಕ್ಕೆ ತಕ್ಕ ಸುಖ ಕೊಡುವುದು ಇದೊಂದೇ. ಪಾದದ ಕೆಳಗೂ ಇನ್ನೊಂದು ತುಂಡು ಹಾಕುತ್ತೇನೆ.

ಪಾದ ತಣ್ಣಗಾದರೆ ಜನ ಇನ್ನೊಂದು ಜೊತೆ ಕಾಲುಚೀಲ ತುರುಕುತ್ತಾರೆ. ಬೂಟು ಬಿಗಿಯಾಗಿ ರಕ್ತ ಓಡಾಡುವುದೇ ನಿಂತುಹೋಗುತ್ತದೆ. ಕೂತ ತಕ್ಷಣ ಲೇಸ್ ಸಡಿಲ ಮಾಡಿ, ಹತ್ತಿದಾಗ ಒದ್ದೆಯಾದ ಕಾಲುಚೀಲ ಬದಲಿಸಿ, ಬೆರಳು ಆಡಿಸುತ್ತಿರಿ.

ಕಣಿವೆಮಗಳು

ಮುಂಜಾವು ಅಕ್ಕ ಕಾಲು ಹೇಳಿದರು, ನಾನು ಕೈ ಹೇಳುತ್ತೇನೆ. ಇದು ಪ್ರಾಣಿ ಬಿದ್ದ ಮೇಲಿನ ಮಾತು. ಅದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ.

ಹೊಡೆದದ್ದು ಹೆಚ್ಚಾಗಿ ಸಂಜೆಯೇ ಆಗಿರುತ್ತದೆ. ಚರ್ಮ ಸುಲಿದು, ಕತ್ತರಿಸಿ, ಮಾಂಸ ಚೀಲಕ್ಕೆ ತುಂಬುವಷ್ಟರಲ್ಲಿ ಎರಡು ಮೂರು ಗಂಟೆ, ಅದೂ ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ. ಒಳಗೆ ಕೈ ಹಾಕಿದಾಗ ಬಿಸಿ, ಹೊರಗೆ ತೆಗೆದ ಕೂಡಲೇ ರಕ್ತ ತಣ್ಣಗಾಗಿ ಬೆರಳಿಗೆ ಅಂಟುತ್ತದೆ. ಮೊದಲ ವರ್ಷ ನಾನು ಉಣ್ಣೆಯ ಕೈಗವಸಿನಲ್ಲೇ ಮಾಡಿದೆ. ಅದು ರಕ್ತದಲ್ಲಿ ನೆನೆದು ಹೆಪ್ಪುಗಟ್ಟಿ ಹಲಗೆಯಾಯಿತು. ಆಮೇಲೆ ಚೂರಿಯ ಹಿಡಿ ಕೈಯಲ್ಲಿದೆಯಾ ಇಲ್ಲವಾ ಅಂತ ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಹರಿತ ಚೂರಿ, ಮರಗಟ್ಟಿದ ಬೆರಳು. ಈಗ ನೆನೆದರೂ ಭಯವಾಗುತ್ತದೆ.

ಈಗ ಕೈಗೆ ಹತ್ತುವ ತೆಳ್ಳನೆ ಉಣ್ಣೆ ಗವಸು, ಅದರ ಮೇಲೆ ಒಂದು ಸೈಜ್ ದೊಡ್ಡ ನೈಟ್ರೈಲ್ ಗವಸು. ಆಸ್ಪತ್ರೆಯಲ್ಲಿ ಹಾಕುವಂಥದ್ದು. ಮೂರು ಜೊತೆ ಒಯ್ದರೂ ಭಾರವಿಲ್ಲ. ರಕ್ತ ಒಳಗೆ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಕೂರುವಾಗ ಮಾತ್ರ ಐದು ಬೆರಳಿನ ಗವಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ವಾಸಿ, ಬೆರಳುಗಳು ಒಂದರ ಶಾಖ ಒಂದಕ್ಕೆ ಕೊಡುತ್ತವೆ.

ಕೆಲಸ ಶುರು ಮಾಡುವ ಮುಂಚೆ ದೊಡ್ಡ ಜಾಕೆಟ್ ಬಿಚ್ಚಿ ಒಳಗಿಡಿ. ರಕ್ತಕ್ಕೂ ಕೊಬ್ಬಿಗೂ ಗರಿಗೂ ಆಗಿಬರುವುದಿಲ್ಲ. ಆ ಹೊತ್ತಿಗೆ ಮಳೆ ಜಾಕೆಟ್ಟೇ ಸರಿ, ಒರೆಸಿದರೆ ಆಯಿತು. ಮತ್ತೆ ಮಾಂಸ ಹೊತ್ತು ಇಳಿಯುವಾಗ ಬೆವರು ಹತ್ತುವಾಗಿನ ಹಾಗೇ ಬರುತ್ತದೆ. ರಾತ್ರಿಯ ಚಳಿ, ಸುಸ್ತು, ಹಸಿವು ಮೂರೂ ಸೇರಿರುತ್ತವೆ. ಮಾತು ತೊದಲುವುದು, ಸುಮ್ನೆ ಎಡವುವುದು, ಜಿಪ್ ಎಳೆಯಲು ಬಾರದಿರುವುದು, ಇದರಲ್ಲಿ ಒಂದು ಕಂಡರೂ ನಿಲ್ಲಿಸಿ. ಒಣ ಬಟ್ಟೆ ಹಾಕಿ, ಸಿಹಿ ತಿನ್ನಿಸಿ, ಬಿಸಿ ಏನಾದರೂ ಕುಡಿಸಿ. ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ನಡುಕ ಜೋರಾಗಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸುಧಾರಿಸಿದ ಅಂದುಕೊಳ್ಳಬೇಡಿ. ಅದು ಅಪಾಯದ ಸೂಚನೆ. ಕೂಡಲೇ ಸಹಾಯಕ್ಕೆ ಕರೆಯಿರಿ.

ಕಡಿದಾರಿ

ಅಕ್ಕ, ಈ ನೈಟ್ರೈಲ್ ವಿಷಯ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ರಾತ್ರಿ ಬಗ್ಗೆಯೂ ಯಾರಾದರೂ ಹೇಳಿ. ಒದ್ದೆ ಬಟ್ಟೆಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟು ಒಣಗಿಸಬಹುದಾ?

ನೂಲೆಳೆ

ಚಿಕ್ಕದು ಇಡಬಹುದು. ಕಾಲುಚೀಲ, ಗವಸು, ತೆಳ್ಳನೆ ಬೇಸ್ ಲೇಯರ್ ಸರಿ. ತೊಪ್ಪೆಯಾದದ್ದು ಬೇಡ, ಆ ನೀರೆಲ್ಲ ನಿಮ್ಮ ಸ್ಲೀಪಿಂಗ್ ಬ್ಯಾಗಿನ ಗರಿಗೆ ಹೋಗುತ್ತದೆ. ಸಂಜೆ ಬಟ್ಟೆ ಇನ್ನೂ ಸ್ವಲ್ಪ ತೇವ ಇದ್ದರೆ ಮೈಮೇಲೇ ಇಟ್ಟುಕೊಂಡು, ಮೇಲೆ ದೊಡ್ಡ ಜಾಕೆಟ್ ಹಾಕಿ, ಅಡುಗೆ ಮಾಡುತ್ತಾ ಓಡಾಡಿ. ಊಟ ಮುಗಿಯುವಷ್ಟರಲ್ಲಿ ಒಣಗಿರುತ್ತದೆ.

ಮಲಗಲು ಕೆಳಗೆ ಹಾಸುವ ಪ್ಯಾಡ್ ಬಗ್ಗೆ ಜಿಪುಣತನ ಬೇಡ. ಆರ್ ವ್ಯಾಲ್ಯೂ ಅಂತ ಬರೆದಿರುತ್ತದೆ, ಶಾಖ ಸೋರುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಹಿಮದ ಮೇಲೆ 5ರ ಮೇಲಿರಲಿ. ಎರಡು ಪ್ಯಾಡ್ ಒಂದರ ಮೇಲೊಂದು ಹಾಕಿದರೆ ಆ ಅಂಕಿ ಕೂಡುತ್ತದೆ. ಬಿಸಿನೀರಿನ ಬಾಟಲಿಯ ಮುಚ್ಚಳ ಎರಡು ಸಲ ನೋಡಿ, ಕಾಲುಚೀಲದೊಳಗೆ ತೂರಿಸಿ, ತೊಡೆಗಳ ನಡುವೆ ಇಟ್ಟು ಮಲಗಿ.

ಮುಂಜಾವು

ಟೆಂಟ್ ಹಾಕುವ ಜಾಗವೂ ಒಂದು ಲೇಯರ್ ಇದ್ದ ಹಾಗೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ತೊರೆಯ ಪಕ್ಕ ಬಿಟ್ಟು ಸ್ವಲ್ಪ ಮೇಲೆ, ಮರದ ಕೆಳಗೆ ಹಾಕಿ. ಎಷ್ಟೋ ಡಿಗ್ರಿ ವ್ಯತ್ಯಾಸ ನಾನೇ ಅಳೆದು ನೋಡಿದ್ದೇನೆ. ಅದಕ್ಕೆ ಒಂದು ಗ್ರಾಮೂ ಹೊರಬೇಕಿಲ್ಲ.

ಕಡಿದಾರಿ

ನಿನ್ನೆ ವಾಪಸ್ ಬಂದೆ. ಎಲ್ಲರಿಗೂ ಹೇಳಲೇಬೇಕು ಅನಿಸಿತು.

ಈ ಸಲ ಬಟ್ಟೆ ಒಟ್ಟು 2.6 ಕೆಜಿ. ತೆಳ್ಳನೆ ಪಾಲಿಯೆಸ್ಟರ್ ಅಂಗಿ, ವಿಂಡ್ ಜಾಕೆಟ್, ಒಣ ಮೆರಿನೋ, ಆಲ್ಫಾ, ದೊಡ್ಡ ಡೌನ್ ಜಾಕೆಟ್, ಪಫಿ ಪ್ಯಾಂಟ್, ತೆಳ್ಳನೆ ಮಳೆ ಜಾಕೆಟ್. ಉಳಿದದ್ದು ನಡೆಯುವ ಪ್ಯಾಂಟು, ಕಾಲುಚೀಲ, ಗವಸು, ಟೋಪಿ. ದಪ್ಪ ಫ್ಲೀಸ್ ಮನೆಯಲ್ಲೇ ಉಳಿಯಿತು. ಬಲೆ ಬನಿಯನ್ ಧೈರ್ಯ ಇನ್ನೂ ಬಂದಿಲ್ಲ.

ಮೊದಲ ದಿನ ಹೊರಡುವಾಗ ಬರೀ ಎರಡು ತೆಳ್ಳನೆ ಬಟ್ಟೆಯಲ್ಲಿ ನಿಂತು ನಡುಗಿದಾಗ, ಜೊತೆಗಿದ್ದ ನನ್ನ ಭಾವ ಹುಚ್ಚು ಹಿಡಿಯಿತಾ ಅಂತ ನೋಡಿದರು. ಅರ್ಧ ಗಂಟೆಯಲ್ಲಿ ಅವರು ಬಿಚ್ಚಲು ನಿಂತರು, ನಾನು ನಡೆಯುತ್ತಲೇ ಇದ್ದೆ. ತುದಿಯಲ್ಲಿ ಮೈನಸ್ 10, ಗಾಳಿ ಗಂಟೆಗೆ 30 ಕಿಲೋಮೀಟರ್ ಹತ್ತಿರ. ಬರಿ ಚರ್ಮಕ್ಕೆ ಅದು ಮೈನಸ್ 20ರ ಹಾಗೆ ತಾಗುತ್ತದಂತೆ. ಬಂಡೆ ಹಿಂದೆ ನಿಂತು ಅಂಗಿ ಬದಲಿಸಿದೆ. ಹಳೇಬೂಟು ಅಣ್ಣ ಹೇಳಿದ ಆ ಅರ್ಧ ನಿಮಿಷ ನಿಜಕ್ಕೂ ಭಯಂಕರ. ಬಿಚ್ಚಿ ಬಂಡೆಯ ಮೇಲೆ ಇಟ್ಟ ಅಂಗಿ, ನಾನು ಜಾಕೆಟ್ ಜಿಪ್ ಹಾಕಿ ಮುಗಿಸುವಷ್ಟರಲ್ಲಿ ಸೆಟೆದು ನಿಂತಿತ್ತು. ತೋಳು ಹಿಡಿದು ಎತ್ತಿದರೆ ಹಪ್ಪಳದ ಹಾಗೆ ಹಾಗೇ ಎದ್ದು ಬಂತು. ಹೋದ ವರ್ಷ ಅದನ್ನು ಮೈಮೇಲೇ ಇಟ್ಟುಕೊಂಡು ಕೂತಿದ್ದೆನಲ್ಲಾ ಅಂತ ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಮೂರು ದಿನವೂ ಕತ್ತಲಾಗುವವರೆಗೆ ಕೂತೆ. ಮೊದಲೆರಡು ದಿನ ಹೆಣ್ಣು, ಮರಿ ಬಿಟ್ಟು ಏನೂ ಕಾಣಲಿಲ್ಲ. ಮೂರನೇ ಸಂಜೆ, ಬೆಳಕು ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಹೊರಗೆ ಬಂತು. ದುರ್ಬೀನು ಕೈಯಲ್ಲಿ ಅಲುಗಲಿಲ್ಲ. ತುಂಬಾ ದೂರ ಇತ್ತು, ಹೊಡೆಯಲಿಲ್ಲ. ಕತ್ತಲಲ್ಲಿ ಕರಗುವವರೆಗೆ ನೋಡಿದೆ.

ಪಾದ ಮಾತ್ರ ಎರಡನೇ ದಿನ ತಣ್ಣಗಾಯಿತು ಮುಂಜಾವು ಅಕ್ಕ, ಲೇಸ್ ಸಡಿಲಿಸುವುದು ಮರೆತಿದ್ದೆ. ಬೂಟು ಅರ್ಧ ಸೈಜ್ ದೊಡ್ಡದು ತಗೊಳ್ಳಬೇಕಾ, ಏನು ಹೇಳುತ್ತೀರಿ?